ಆರು ಬಿರಡೆಗಳ ಬೆಲೆ ಎಷ್ಟು?

ಗಿಬ್ಸನ್ ಕಂಪನಿ ತನ್ನ 2015ರ ಎಲೆಕ್ಟ್ರಿಕ್ ಗಿಟಾರುಗಳಲ್ಲಿ ಒಂದೇ ಏಟಿಗೆ ಮೂರು ಬದಲಾವಣೆ ತಂದಿತು. ಕೈಯಲ್ಲಿ ತಿರುಗಿಸುವ ಟ್ಯೂನರ್‌ಗಳನ್ನು ತೆಗೆದು, ಬ್ಯಾಟರಿ ಮತ್ತು ಮೋಟರಿನಿಂದ ತಾವೇ ಶ್ರುತಿ ಸೇರಿಸಿಕೊಳ್ಳುವ ‘ಜಿ-ಫೋರ್ಸ್’ ಟ್ಯೂನರ್‌ಗಳನ್ನು ಕೂರಿಸಿತು. ತಂತಿಗಳು ಹಾದುಹೋಗುವ ನಟ್ ಹಿತ್ತಾಳೆಯದಾಯಿತು. ಅದರ ಎತ್ತರವನ್ನು ಸ್ಕ್ರೂ ತಿರುಗಿಸಿ ಹೆಚ್ಚುಕಡಿಮೆ ಮಾಡುವ ಏರ್ಪಾಟೂ ಬಂತು. ನಟ್ ಇರುವ ಕಡೆ ನೆಕ್‌ನ ಅಗಲ ಸುಮಾರು 43 ಮಿ.ಮೀ.ನಿಂದ 45.6 ಮಿ.ಮೀ.ಗೆ ಏರಿತು. ಅಮೆರಿಕದ ಕಾರ್ಖಾನೆಗಳಲ್ಲಿ ತಯಾರಾಗುವ ಬಹುತೇಕ ಎಲ್ಲ ಮಾದರಿಗಳಿಗೂ ಇದೇ ನಿಯಮ. ಬೆಲೆಯೂ ಸರಾಸರಿ ಶೇ 29ರಷ್ಟು ಏರಿದೆಯೆಂದು ಆಗ ಸುದ್ದಿಯಾಗಿತ್ತು.

ಗಿಟಾರ್ ವಾದಕರು ಒಪ್ಪಲಿಲ್ಲ. ಅಂಗಡಿಗಳಲ್ಲಿ ಸರಕು ಉಳಿಯಿತು, ರಿಯಾಯಿತಿ ದರಕ್ಕೆ ಮಾರಾಟವಾಯಿತು. 2016ಕ್ಕೆ ಕಂಪನಿ ತನ್ನ ಗಿಟಾರುಗಳನ್ನು ‘ಟ್ರೆಡಿಷನಲ್’ ಮತ್ತು ‘ಹೈ ಪರ್ಫಾರ್ಮೆನ್ಸ್’ ಎಂದು ಎರಡು ಸಾಲು ಮಾಡಿ, ಮೊದಲನೆಯದರಲ್ಲಿ ಕೈಯಿಂದ ತಿರುಗಿಸುವ ಟ್ಯೂನರ್‌ಗಳನ್ನೂ ಹಳೆಯ ಅಗಲವನ್ನೂ ಮರಳಿಸಿತು. 2019ರ ಹೊಸ ಪಟ್ಟಿಯಲ್ಲಿ ಮೋಟರಿನ ಟ್ಯೂನರ್ ಹೆಸರೇ ಇರಲಿಲ್ಲ.

ಗಿಟಾರ್ ನುಡಿಸುವವರು ಹಳೆಯದಕ್ಕೆ ಜೋತುಬಿದ್ದವರು, ಹೊಸದನ್ನು ಕಂಡರೆ ಆಗದವರು ಎಂಬ ಮಾತು ಆಗ ಧಾರಾಳವಾಗಿ ಕೇಳಿಬಂತು. ಲೆಕ್ಕ ಹಾಕಿ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಶ್ರುತಿ ಕೆಡುವುದು ಎಲ್ಲಿ, ಎಷ್ಟು, ಅದನ್ನು ಸರಿಪಡಿಸಲು ಖರ್ಚು ಎಷ್ಟು ಎಂಬ ಮೂರು ಪ್ರಶ್ನೆಗಳಿಗೆ ಅಂಕಿಗಳಲ್ಲೇ ಉತ್ತರ ಇದೆ. ಆ ಉತ್ತರ ಹೆಚ್ಚಿನಂಶ ವಾದಕರ ಪರವಾಗಿದೆ. ಒಂದು ವಿಷಯದಲ್ಲಿ ಮಾತ್ರ ಕಂಪನಿಯ ಪರವಾಗಿದೆ, ಅದನ್ನೂ ಹೇಳುತ್ತೇನೆ.

ಒಂದು ಸೆಂಟ್‌ಗೆ ಎಷ್ಟು ಮಿಲಿಮೀಟರ್?

ಒಂದು ಸ್ವರಸ್ಥಾನದಿಂದ ಮುಂದಿನ ಸ್ವರಸ್ಥಾನಕ್ಕೆ ಇರುವ ಅಂತರವನ್ನು 100 ಪಾಲು ಮಾಡಿದರೆ ಒಂದು ಪಾಲಿಗೆ ಒಂದು ಸೆಂಟ್. ಸಾಮಾನ್ಯವಾಗಿ 5 ಸೆಂಟ್‌ನ ಆಸುಪಾಸಿನಲ್ಲಿ ನುರಿತ ಕಿವಿಗೆ ಅಪಶ್ರುತಿ ತಟ್ಟತೊಡಗುತ್ತದೆ. ಇನ್ನು ಗಿಟಾರಿನ ಅಳತೆ. ಗಿಬ್ಸನ್ ಲೆಸ್ ಪಾಲ್‌ನ ತಂತಿಯ ಕಂಪಿಸುವ ಉದ್ದ 24.75 ಇಂಚು, ಅಂದರೆ ಸುಮಾರು 628 ಮಿ.ಮೀ.; ಫೆಂಡರ್ ಸ್ಟ್ರಾಟೊಕ್ಯಾಸ್ಟರ್‌ನದು 25.5 ಇಂಚು, 648 ಮಿ.ಮೀ. ‘ಹತ್ತು-ನಲವತ್ತಾರು’ ಎಂದು ಕರೆಯುವ ಸಾಮಾನ್ಯ ತಂತಿಗಳ ಸೆಟ್ಟನ್ನು ಕಟ್ಟಿದರೆ ಸ್ಟ್ರಾಟ್‌ನ ಆರೂ ತಂತಿಗಳು ಸೇರಿ ಹೆಚ್ಚುಕಡಿಮೆ 46 ಕಿಲೊ ಬಲದಲ್ಲಿ ಎಳೆಯುತ್ತವೆ. ಲೆಸ್ ಪಾಲ್‌ನಲ್ಲಿ ಸುಮಾರು 44 ಕಿಲೊ. ಪಾವು ಇಂಚಿನ ದಪ್ಪವೂ ಇಲ್ಲದ ಆರು ಕಂಬಗಳು ಈ ಭಾರವನ್ನು ಹಗಲೂ ರಾತ್ರಿ ತಡೆದು ನಿಂತಿರಬೇಕು.

ಲೆಸ್ ಪಾಲ್‌ನ ಅತ್ಯಂತ ತೆಳ್ಳನೆಯ ಇ ತಂತಿಯನ್ನೇ ತೆಗೆದುಕೊಳ್ಳೋಣ. ದಪ್ಪ 0.010 ಇಂಚು, ಬಿಗಿ ಸುಮಾರು 6.9 ಕಿಲೊ. ತಂತಿಯ ಬುಡ ಸಿಗಿಸುವ ಟೇಲ್‌ಪೀಸ್‌ನಿಂದ ಟ್ಯೂನರ್ ಕಂಬದವರೆಗೆ ತಂತಿಯ ಪೂರ್ತಿ ಉದ್ದ 720 ಮಿ.ಮೀ. ಎಂದು ಹಿಡಿದರೆ, ಶ್ರುತಿಗೆ ಬರುವ ಹೊತ್ತಿಗೆ ಉಕ್ಕು ಸುಮಾರು 4.8 ಮಿ.ಮೀ. ಹಿಗ್ಗಿರುತ್ತದೆ. ಅಲ್ಲಿಂದ ಒಂದು ಸ್ವರಸ್ಥಾನ ಮೇಲೇರಲು ಇನ್ನು 0.6 ಮಿ.ಮೀ. ಎಳೆದರೆ ಸಾಕು. ಹಾಗಾಗಿ ಒಂದು ಸೆಂಟ್‌ಗೆ 0.006 ಮಿ.ಮೀ., ಅಂದರೆ 6 ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸಾಮಾನ್ಯವಾಗಿ 70 ಮೈಕ್ರಾನ್‌ನ ಆಚೀಚೆ.

ಜಿ ತಂತಿಯ ಪಾಡು ಇನ್ನೂ ಸೂಕ್ಷ್ಮ. ಅದು 0.017 ಇಂಚು ದಪ್ಪದ್ದು, ಬಿಗಿ ಮಾತ್ರ ಇ ತಂತಿಯಷ್ಟೇ. ದಪ್ಪ ಹೆಚ್ಚಾಗಿ ಬಿಗಿ ಅಷ್ಟೇ ಇದ್ದರೆ ಉಕ್ಕು ಹಿಗ್ಗುವುದು ಕಡಿಮೆ: 800 ಮಿ.ಮೀ. ಉದ್ದಕ್ಕೆ 1.9 ಮಿ.ಮೀ. ಮಾತ್ರ. ಇಲ್ಲಿ ಒಂದು ಸೆಂಟ್‌ಗೆ 2.3 ಮೈಕ್ರಾನ್. ಕಿವಿಗೆ ತಟ್ಟುವ 5 ಸೆಂಟ್ ತಪ್ಪಲು ತಂತಿ ಎಲ್ಲಾದರೂ 12 ಮೈಕ್ರಾನ್ ಜಾರಿದರೆ ಸಾಕು. ಗಿಟಾರ್ ನುಡಿಸುವವರು ಯಾವ ಊರಲ್ಲಿ ಸೇರಿದರೂ ಜಿ ತಂತಿಯನ್ನೇ ಬೈಯುವುದು ಏಕೆ ಎಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕಿಲ್ಲ.

ಇನ್ನು ಟ್ಯೂನರ್‌ನ ಗೇರ್. 15:1 ಎಂದರೆ ಗುಂಡಿಯನ್ನು 15 ಸುತ್ತು ತಿರುಗಿಸಿದಾಗ ತಂತಿ ಸುತ್ತುವ ಕಂಬ ಒಂದು ಸುತ್ತು ತಿರುಗುತ್ತದೆ. ಕಂಬದ ದಪ್ಪ 6 ಮಿ.ಮೀ. ಇದ್ದರೆ ಗುಂಡಿಯ ಒಂದು ಸುತ್ತಿಗೆ 1.26 ಮಿ.ಮೀ. ತಂತಿ ಎಳೆಯುತ್ತದೆ. ಗುಂಡಿಯನ್ನು ಒಂದೇ ಒಂದು ಡಿಗ್ರಿ ತಿರುಗಿಸಿದರೆ ಇ ತಂತಿಯಲ್ಲಿ 0.6 ಸೆಂಟ್, ಜಿ ತಂತಿಯಲ್ಲಿ 1.5 ಸೆಂಟ್ ಬದಲಾವಣೆ. ಅದೇ ಕಂಬಕ್ಕೆ ಗೇರೇ ಇಲ್ಲದಿದ್ದರೆ, ವೀಣೆ–ತಂಬೂರಿಯ ಮರದ ಬಿರಡೆಯ ಹಾಗೆ ನೇರವಾಗಿ ತಿರುಗಿಸಬೇಕಾಗಿದ್ದರೆ, ಒಂದು ಡಿಗ್ರಿಗೆ ಇ ತಂತಿ 9 ಸೆಂಟ್ ಹಾರುತ್ತಿತ್ತು. ಈಚಿನ ಅನೇಕ ವೀಣೆಗಳಲ್ಲಿ ಮರದ ಬಿರಡೆ ಹೋಗಿ ಗಿಟಾರಿನ ಗೇರ್ ಬಿರಡೆ ಬಂದು ಕೂತಿದ್ದರೆ ಅದರ ಹಿಂದಿರುವುದು ಈ ಹದಿನೈದು ಪಟ್ಟು ಅನುಕೂಲ.

1ರಿಂದ 15ಕ್ಕೆ ಏರಿದಾಗ ಸಿಕ್ಕ ಲಾಭ ಅಷ್ಟು ದೊಡ್ಡದು. 15ರಿಂದ 18ಕ್ಕೆ ಏರಿದರೆ? ಹಳೆಯ ಗೇರಿನಲ್ಲಿ 5 ಡಿಗ್ರಿ ಸಡಿಲ ಇದೆ ಎಂದುಕೊಳ್ಳಿ. ಇ ತಂತಿಯಲ್ಲಿ 15:1 ಗೇರ್ 3 ಸೆಂಟ್ ಆಚೀಚೆ ಮಾಡುತ್ತದೆ, 18:1 ಗೇರ್ 2.5, 21:1 ಗೇರ್ 2.1. ಮೂರರ ನಡುವೆ ಒಂದು ಸೆಂಟ್ ಕೂಡ ವ್ಯತ್ಯಾಸ ಇಲ್ಲ. ಅದೂ ಗುಂಡಿಯನ್ನು ಹಿಂದಕ್ಕೆ ತಿರುಗಿಸಿ ಶ್ರುತಿ ಇಳಿಸಿದಾಗ ಮಾತ್ರ ಕಾಣುವ ದೋಷ. ಸ್ವಲ್ಪ ಕೆಳಗಿಳಿಸಿ ಮೇಲಕ್ಕೇರಿಸುತ್ತಾ ಶ್ರುತಿ ಸೇರಿಸಿದರೆ ತಂತಿಯ ಎಳೆತವೇ ಗೇರಿನ ಹಲ್ಲನ್ನು ಒಂದು ಬದಿಗೆ ಒತ್ತಿ ಹಿಡಿಯುತ್ತದೆ, ಸಡಿಲ ಸೊನ್ನೆ. 2024ರಲ್ಲಿ ಬಂದ ಫೆಂಡರ್‌ನ ‘ಪ್ಲೇಯರ್ 2’ ಗಿಟಾರುಗಳ ವಿವರದಲ್ಲಿ 18:1 ಟ್ಯೂನರ್ ಎಂದು ಎದ್ದು ಕಾಣುವಂತೆ ಬರೆದಿದ್ದಾರೆ. ಬೆರಳಿಗೆ ಹಿತವಾಗಿರುತ್ತದೆ, ಒಪ್ಪುತ್ತೇನೆ. ಶ್ರುತಿ ನಿಲ್ಲುವುದಕ್ಕೂ ಅದಕ್ಕೂ ಸಂಬಂಧ ಬಹಳ ಕಡಿಮೆ.

ಅನುಪಾತದ ವಿಷಯದಲ್ಲಿ ಬುದ್ಧಿ ಓಡಿಸಿದವರು ಕೆನಡಾದ ಗ್ರಾಫ್ ಟೆಕ್ ಕಂಪನಿಯವರು. ಅವರ ‘ರೇಷಿಯೊ’ ಟ್ಯೂನರ್ ಸೆಟ್ಟಿನಲ್ಲಿ ಒಂದೊಂದು ತಂತಿಗೂ ಒಂದೊಂದು ಅನುಪಾತ, 12:1ರಿಂದ 39:1ರವರೆಗೆ. ಯಾವ ತಂತಿಯ ಗುಂಡಿಯನ್ನು ಒಂದು ಸುತ್ತು ತಿರುಗಿಸಿದರೂ ಶ್ರುತಿ ಸರಿಸುಮಾರು ಒಂದೇ ಅಳತೆಯಲ್ಲಿ ಬದಲಾಗುವಂತೆ ಮಾಡಿದ್ದಾರೆ. ಮೇಲಿನ ಇ–ಜಿ ಲೆಕ್ಕ ನೋಡಿದವರಿಗೆ ಇದರ ಹಿಂದಿನ ಯೋಚನೆ ತಾನಾಗಿ ಅರ್ಥವಾಗುತ್ತದೆ.

ದೋಷ ಇರುವುದು ನಟ್‌ನಲ್ಲಿ

ತಂತಿಯ ಬಿಗಿ ಶೇ 1ರಷ್ಟು ಬದಲಾದರೆ ಶ್ರುತಿ 8.6 ಸೆಂಟ್ ಬದಲಾಗುತ್ತದೆ. ಈ ಲೇಖನದಲ್ಲಿ ಒಂದೇ ಅಂಕಿ ನೆನಪಿಡುವುದಾದರೆ ಇದನ್ನು ನೆನಪಿಡಿ.

ಬ್ಲೂಸ್ ಅಥವಾ ರಾಕ್ ನುಡಿಸುವವರು ತಂತಿಯನ್ನು ಎಳೆದು ಎರಡು ಸ್ವರಸ್ಥಾನ ಮೇಲಕ್ಕೆ ‘ಬೆಂಡ್’ ಮಾಡುವುದು ದಿನನಿತ್ಯದ ಮಾತು. ಆಗ ಬಿಗಿ ಶೇ 26ರಷ್ಟು ಏರುತ್ತದೆ. ಟ್ಯೂನರ್ ಮತ್ತು ನಟ್ ನಡುವೆ ಇರುವ ತಂತಿ ನಟ್‌ನ ಗಾಡಿಯ, ಅಂದರೆ ತಂತಿ ಕೂರುವ ಸೀಳಿನ, ಮೂಲಕ ಈಚೆಗೆ ಜಾರುತ್ತದೆ. ಬೆರಳು ಬಿಟ್ಟಾಗ ಅಷ್ಟೇ ಆಚೆಗೆ ಮರಳಬೇಕು. ಗಾಡಿ ಇಕ್ಕಟ್ಟಾಗಿದ್ದರೆ ತಂತಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನಟ್‌ನ ಎರಡು ಬದಿಗೂ ಬಿಗಿ ಶೇ 1ರಷ್ಟು ಬೇರೆಯಾಗಿ ಉಳಿದರೂ 8.6 ಸೆಂಟ್ ಹೋಯಿತು, ಶೇ 3 ಉಳಿದರೆ ಸುಮಾರು 26. ಗಿಬ್ಸನ್‌ನ ಹೆಡ್‌ಸ್ಟಾಕ್, ಅಂದರೆ ಟ್ಯೂನರ್‌ಗಳು ಕೂರುವ ತಲೆಭಾಗ, ಹಿಂದಕ್ಕೆ 17 ಡಿಗ್ರಿ ಬಾಗಿದೆ. ಜಿ ಮತ್ತು ಡಿ ತಂತಿಗಳು ಅಷ್ಟು ಸಾಲದೆಂಬಂತೆ ಪಕ್ಕಕ್ಕೂ ತಿರುಗಿ ದೂರದ ಕಂಬಗಳಿಗೆ ಹೋಗುತ್ತವೆ. ಎರಡು ತಿರುವು ಎಂದರೆ ಎರಡು ಕಡೆ ಉಜ್ಜಾಟ. ಇಷ್ಟೆಲ್ಲ ನಡೆಯುವಾಗ ಗೇರು ತನ್ನ ಜಾಗದಿಂದ ಒಂದು ಕೂದಲೆಳೆಯೂ ಕದಲಿರುವುದಿಲ್ಲ. ಬೈಗುಳ ಮಾತ್ರ ಅದಕ್ಕೇ.

ಗಿಟಾರ್ ರಿಪೇರಿ ಮಾಡುವವರು ಬಹಳ ಕಾಲದಿಂದ ಹೇಳುತ್ತಾ ಬಂದಿರುವುದು ಇದನ್ನೇ: ಮೊದಲು ನಟ್ ನೋಡಿ. ಗಾಡಿಯನ್ನು ತಂತಿಯ ದಪ್ಪಕ್ಕೆ ಸರಿಯಾಗಿ ಉಜ್ಜಿ, ಸ್ವಲ್ಪ ಪೆನ್ಸಿಲ್ ಸೀಸದ ಪುಡಿ ಹಾಕಿದರೆ ಅರ್ಧ ದೂರು ಅಲ್ಲಿಗೇ ನಿಲ್ಲುತ್ತದೆ. ಹೊಸ ತಂತಿಯನ್ನು ಕಟ್ಟಿದ ಮೇಲೆ ಕೈಯಿಂದ ಎಳೆದೆಳೆದು ಪಳಗಿಸಿದರೆ ಇನ್ನೊಂದಿಷ್ಟು. ಸಾಮಾನ್ಯ ಟ್ಯೂನರ್‌ಗೆ ಮೂರು ಸುತ್ತು ತಂತಿ ಸುತ್ತಿದರೆ ಕಂಬದ ಮೇಲೆ 56 ಮಿ.ಮೀ. ತಂತಿ ಕೂತಿರುತ್ತದೆ; ಆ ಸುತ್ತುಗಳು ಬಿಗಿಯಾಗಿ ಕುಳಿತುಕೊಳ್ಳುವವರೆಗೆ ಶ್ರುತಿ ಇಳಿಯುತ್ತಲೇ ಇರುತ್ತದೆ. ಲಾಕಿಂಗ್ ಟ್ಯೂನರ್ ತಂತಿಯನ್ನು ಕಂಬದ ತೂತಿನಲ್ಲೇ ಕಚ್ಚಿ ಹಿಡಿಯುವುದರಿಂದ ಒಂದು ಸುತ್ತಿಗಿಂತ ಕಡಿಮೆ ಸಾಕು. ಅಮೆರಿಕದ ಓಹಾಯೊ ರಾಜ್ಯದ ಸ್ಪರ್ಜೆಲ್ ಕಂಪನಿ 1980ರ ದಶಕದಲ್ಲಿ ಇವನ್ನು ಜನಪ್ರಿಯಗೊಳಿಸಿದ ಮೇಲೆ ಇದರ ಬಗ್ಗೆ ವಾದಕರಲ್ಲಿ ಹೆಚ್ಚು ಜಗಳ ನಡೆದಿಲ್ಲ. ತಂತಿ ಬದಲಿಸುವ ಕೆಲಸ ಬೇಗ ಮುಗಿಯುತ್ತದೆ ಎಂಬುದೊಂದೇ ಕಾರಣ ಸಾಕು.

ಇಲ್ಲಿ ಫ್ಲಾಯ್ಡ್ ರೋಸ್ ಹೆಸರು ಹೇಳಲೇಬೇಕು. 1979ರಲ್ಲಿ ಪೇಟೆಂಟ್ ಸಿಕ್ಕ ಅವರ ಟ್ರೆಮೊಲೊ (ಸನ್ನೆ ಒತ್ತಿ ತಂತಿಗಳ ಶ್ರುತಿ ಏರಿಳಿಸುವ ಸಾಧನ) ನಟ್‌ನಲ್ಲೂ ಬ್ರಿಡ್ಜ್‌ನಲ್ಲೂ ತಂತಿಯನ್ನು ಸ್ಕ್ರೂ ಹಾಕಿ ಬಿಗಿದುಬಿಡುತ್ತದೆ. ಒಮ್ಮೆ ಬಿಗಿದರೆ ತುದಿಯ ಆರು ಟ್ಯೂನರ್‌ಗಳಿಗೆ ಕೆಲಸವೇ ಇಲ್ಲ. ಸಣ್ಣಪುಟ್ಟ ಶ್ರುತಿಯನ್ನು ಬ್ರಿಡ್ಜ್‌ನಲ್ಲಿರುವ ಆರು ಸಣ್ಣ ಸ್ಕ್ರೂಗಳಿಂದ ಮಾಡಬೇಕು. ತಂತಿ ಬದಲಿಸುವುದು ತಲೆನೋವು, ಮರ ಕೊರೆಯಬೇಕು, ತೂಕ ಹೆಚ್ಚು. ಆದರೂ ರಾಕ್ ವಾದಕ ಎಡ್ಡಿ ವ್ಯಾನ್ ಹೇಲನ್ ಅವರಿಂದ ಹಿಡಿದು ಒಂದು ಇಡೀ ಪೀಳಿಗೆ ಅದನ್ನು ಅಪ್ಪಿಕೊಂಡಿತು. ಹೊಸದೆಂದರೆ ಆಗದವರು ಇಷ್ಟು ತೊಂದರೆ ತೆಗೆದುಕೊಳ್ಳುತ್ತಿದ್ದರೇ? ಜಾರುವ ಜಾಗವನ್ನು ಸರಿಯಾಗಿ ಗುರುತಿಸಿ ಅಲ್ಲಿಗೇ ಬೀಗ ಹಾಕಿದ್ದರಿಂದ ಅದು ನಿಂತಿತು.

725 ಡಾಲರಿಗೆ ಏನೇನು ಬರುತ್ತದೆ

ಈಗ ಹಣದ ಲೆಕ್ಕ. ಇವು ಅಮೆರಿಕದ ಅಂದಾಜು ಚಿಲ್ಲರೆ ಬೆಲೆಗಳು. ಕ್ಲೂಸನ್ ಮಾದರಿಯ ಹಳೇ ಶೈಲಿಯ ಆರು ಟ್ಯೂನರ್‌ಗಳ ಸೆಟ್ 40ರಿಂದ 60 ಡಾಲರ್. ಗ್ರೋವರ್ ರೋಟೊಮ್ಯಾಟಿಕ್‌ನಂಥ ಮುಚ್ಚಿದ ಗೇರಿನ ಸೆಟ್ 60ರಿಂದ 80. ಲಾಕಿಂಗ್ ಸೆಟ್ 80ರಿಂದ 110. ಅಚ್ಚಿನಲ್ಲಿ ಮಾಡಿದ ಒಳ್ಳೆಯ ನಟ್ 10ರಿಂದ 20. ತಂತಿಗಳ ಸೆಟ್ 6ರಿಂದ 8. ಜಿ-ಫೋರ್ಸ್‌ನ ಮೂಲ ತಯಾರಕರಾದ ಜರ್ಮನಿಯ ಹ್ಯಾಂಬರ್ಗ್‌ನ ಟ್ರಾನಿಕಲ್ ಕಂಪನಿ ಅದೇ ಬಗೆಯ ಉಪಕರಣವನ್ನು ಬಿಡಿಯಾಗಿ ಮಾರುತ್ತಿದ್ದದ್ದು ಸುಮಾರು 300 ಡಾಲರಿಗೆ.

2,500 ಡಾಲರಿನ ಗಿಟಾರಿಗೆ ಶೇ 29 ಏರಿಕೆ ಎಂದರೆ 725 ಡಾಲರ್. ಹೊಸ ಪೆಟ್ಟಿಗೆ, ಬೇರೆ ಬದಲಾವಣೆಗಳೂ ಅದರಲ್ಲಿ ಸೇರಿದ್ದವು, ನಿಜ. ಆದರೆ ಕೊಳ್ಳುವವನ ಕಣ್ಣಿನಿಂದ ನೋಡಿ: ಆ 725 ಡಾಲರಿನಲ್ಲಿ ಏಳು ಸೆಟ್ ಲಾಕಿಂಗ್ ಟ್ಯೂನರ್ ಬರುತ್ತಿದ್ದವು. 15 ಡಾಲರಿನ ನಟ್ ಅದರ ಐವತ್ತನೇ ಒಂದು ಭಾಗಕ್ಕೆ ಹತ್ತಿರ. 8.6 ಸೆಂಟ್ ದೋಷವನ್ನು ಕಡಿಮೆ ಮಾಡುವುದು 15 ಡಾಲರಿನ ವಸ್ತು. ಅರ್ಧ ಸೆಂಟ್ ಉಳಿಸುವುದು 60 ಡಾಲರಿನ ವಸ್ತು. 2015ರಲ್ಲಿ ವಾದಕರು ಕೇಳಿದ್ದೂ ಇದನ್ನೇ: ನಾವು ಬೇಡದ್ದಕ್ಕೆ ದುಡ್ಡು ಕೊಡಬೇಕೇಕೆ?

ಮೋಟರಿನ ಟ್ಯೂನರ್ 2015ಕ್ಕಿಂತ ಬಹಳ ಮೊದಲೇ ಬಂದಿತ್ತು ಎಂಬುದು ಮುಖ್ಯ. 2007ರ ಡಿಸೆಂಬರಿನಲ್ಲಿ ‘ರೋಬೋಟ್’ ಲೆಸ್ ಪಾಲ್ ಅಂಗಡಿಗೆ ಬಂದಾಗ ಜನ ಕುತೂಹಲದಿಂದಲೇ ನೋಡಿದರು. ಅನಂತರ ‘ಡಾರ್ಕ್ ಫೈರ್’, ‘ಡಸ್ಕ್ ಟೈಗರ್’ ಬಂದವು. 2010ರಲ್ಲಿ ಘೋಷಿಸಿದ ‘ಫೈರ್‌ಬರ್ಡ್ ಎಕ್ಸ್’ಗೆ 5,570 ಡಾಲರ್ ಬೆಲೆ ಇಟ್ಟು, 1,800 ಮಾತ್ರ ತಯಾರಿಸುವುದಾಗಿ ಹೇಳಿದರು. 2019ರಲ್ಲಿ ನೂರಾರು ಫೈರ್‌ಬರ್ಡ್ ಎಕ್ಸ್ ಗಿಟಾರುಗಳನ್ನು ನೆಲದ ಮೇಲೆ ಸಾಲಾಗಿ ಹರಡಿ ಭಾರೀ ಯಂತ್ರ ಹತ್ತಿಸಿ ಪುಡಿಮಾಡುವ ವಿಡಿಯೊ ಹರಿದಾಡಿತು. ಅಸುರಕ್ಷಿತ ಬಿಡಿಭಾಗಗಳಿದ್ದವು, ದುರಸ್ತಿ ಸಾಧ್ಯವಿರಲಿಲ್ಲ ಎಂದು ಕಂಪನಿ ಹೇಳಿತು. ಒಂದೊಂದೂ ಮರದ ವಾದ್ಯ. ಅದನ್ನು ನೋಡಿ ನೊಂದವರಲ್ಲಿ ನಾನೂ ಒಬ್ಬ.

ಆದರೆ 2014ರವರೆಗೆ ಈ ಟ್ಯೂನರ್‌ಗಳ ಬಗ್ಗೆ ಇಷ್ಟೊಂದು ಕೋಪ ಇರಲಿಲ್ಲ. ಬೇಕಾದವರು ಕೊಂಡರು, ಬೇಡದವರು ಬಿಟ್ಟರು. ಆಯ್ಕೆಯಾಗಿದ್ದದ್ದು ಕಡ್ಡಾಯವಾದದ್ದೇ ಕೋಪಕ್ಕೆ ಕಾರಣ. ಬ್ಯಾಟರಿ ಖಾಲಿಯಾದರೆ ವೇದಿಕೆಯ ಮೇಲೆ ಏನು ಮಾಡುವುದು, ಹತ್ತು ವರ್ಷದ ಮೇಲೆ ಈ ಬ್ಯಾಟರಿ ಸಿಗುತ್ತದೆಯೇ, ಮೋಟರ್ ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ ಎಂಬ ಪ್ರಶ್ನೆಗಳು ಹುಟ್ಟಿದ್ದು ಆಗ. 1959ರ ಲೆಸ್ ಪಾಲ್ ಇಂದಿಗೂ ಶ್ರುತಿ ಉಳಿಸಿಕೊಳ್ಳುತ್ತದೆ. ಗಿಟಾರ್ ಕೊಳ್ಳುವವನು ಮೊಮ್ಮಕ್ಕಳ ಕಾಲದವರೆಗೆ ಯೋಚಿಸುತ್ತಾನೆ. ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ 2015ರ ಗಿಬ್ಸನ್‌ಗಳು ಅಕ್ಕಪಕ್ಕದ ವರ್ಷದವುಗಳಿಗಿಂತ ಅಗ್ಗಕ್ಕೆ ಹೋದವು. ಆದರೆ ಕಂಪನಿ 2018ರ ಮೇ 1ರಂದು ದಿವಾಳಿ ರಕ್ಷಣೆ ಕೋರಿದ್ದಕ್ಕೆ ಟ್ಯೂನರ್‌ಗಳನ್ನು ಹೊಣೆ ಮಾಡುವುದು ಸರಿಯಲ್ಲ. ಆಗ ಅದರ ತಲೆಯ ಮೇಲಿದ್ದ ಸಾಲ 50 ಕೋಟಿ ಡಾಲರ್‌ವರೆಗೆ ಇತ್ತು. ಫಿಲಿಪ್ಸ್‌ನ ಆಡಿಯೊ ವ್ಯಾಪಾರವನ್ನು 2014ರಲ್ಲಿ 13.5 ಕೋಟಿ ಡಾಲರಿಗೆ ಕೊಂಡದ್ದರಂಥ ಖರೀದಿಗಳ ಭಾರ ಅದು.

ಕಂಪನಿಯ ಪರವಾದ ಒಂದು ಅಂಕಿ

ಬಿಸಿ. ತಂತಿಯೊಂದೇ 10 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿ ಮರ ಇನ್ನೂ ತಣ್ಣಗಿದ್ದರೆ ತೆಳ್ಳನೆಯ ಇ ತಂತಿ 15 ಸೆಂಟ್ ಇಳಿಯುತ್ತದೆ, ಜಿ ತಂತಿ 40 ಸೆಂಟ್‌ವರೆಗೆ ಇಳಿಯಬಹುದು. ಎ.ಸಿ. ಕೋಣೆಯಿಂದ ಗಿಟಾರನ್ನು ತಂದು ವೇದಿಕೆಯ ದೀಪದಡಿ ನಿಂತವರಿಗೆಲ್ಲ ಇದರ ಅನುಭವ ಇದೆ. ಒಳ್ಳೆಯ ನಟ್ ಇದನ್ನು ತಡೆಯಲಾರದು. 21:1 ಗೇರ್ ತಡೆಯಲಾರದು. ಲಾಕಿಂಗ್ ಟ್ಯೂನರೂ ತಡೆಯಲಾರದು. ಫ್ಲಾಯ್ಡ್ ರೋಸ್ ಕೂಡ ಅಸಹಾಯಕ. ಆರು ತಂತಿಗಳನ್ನೂ ಒಮ್ಮೆ ಮೀಟಿದರೆ ಕೆಲವೇ ಸೆಕೆಂಡುಗಳಲ್ಲಿ ಎಲ್ಲವನ್ನೂ ಸರಿಮಾಡುವ ಮೋಟರಿಗೆ ಇದು ಸುಲಭದ ಕೆಲಸ. ಹಾಡಿಗೊಂದು ಶ್ರುತಿ ಬದಲಿಸುವವರಿಗೆ, ವೇದಿಕೆಗೆ ಮೂರು ಗಿಟಾರ್ ಒಯ್ಯಲು ಆಗದವರಿಗೆ ಅದು ನಿಜವಾಗಿ ಉಪಕಾರಿ. ಹಾಗೆ ಬಳಸಿದವರು ಅದನ್ನು ಮೆಚ್ಚಿಕೊಂಡೇ ಮಾತಾಡಿದರು. ಅವರ ಮಾತು ಆಗ ಗದ್ದಲದಲ್ಲಿ ಮುಳುಗಿಹೋಯಿತು, ಅದು ಅನ್ಯಾಯ.

ತೂತಿನ ಅಳತೆ

ಬಿಡಿಭಾಗ ಬದಲಿಸುವ ಹುಮ್ಮಸ್ಸಿನಲ್ಲಿ ಬಹಳ ಜನ ಮರೆಯುವ ಅಂಕಿ ಇದು. ಹಳೆಯ ಕ್ಲೂಸನ್ ಟ್ಯೂನರ್ ಕೂರಲು ಹೆಡ್‌ಸ್ಟಾಕ್‌ನಲ್ಲಿ 8.7 ಮಿ.ಮೀ. ತೂತು ಸಾಕು. ಗ್ರೋವರ್‌ಗೆ 10 ಮಿ.ಮೀ. ಬೇಕು. 1960ರ ದಶಕದಲ್ಲಿ ಸವೆದ ಕ್ಲೂಸನ್ ಕಿತ್ತು ಗ್ರೋವರ್ ಹಾಕಿಸುವುದು ಒಳ್ಳೆಯ ವಾದಕರ ವಾಡಿಕೆಯಾಗಿತ್ತು. ರಾಕ್ ವಾದಕ ಜಿಮ್ಮಿ ಪೇಜ್ ಅವರ ಪ್ರಸಿದ್ಧ 1959ರ ಲೆಸ್ ಪಾಲ್‌ನಲ್ಲೂ ಗ್ರೋವರ್‌ಗಳೇ ಇವೆ. ನುಡಿಸುವವರಿಗೆ ಅದು ಸರಿಯಾದ ನಿರ್ಧಾರವೇ ಆಗಿತ್ತು. ಆದರೆ 1958ರಿಂದ 1960ರವರೆಗೆ ತಯಾರಾದ ಸನ್‌ಬರ್ಸ್ಟ್ ಬಣ್ಣದ ಲೆಸ್ ಪಾಲ್‌ಗಳು ಒಟ್ಟು 1,500ರ ಆಸುಪಾಸು ಮಾತ್ರ. ತೂತು ದೊಡ್ಡದು ಮಾಡಿದ ಪ್ರತಿಯೊಂದಕ್ಕೂ ಸಂಗ್ರಾಹಕರು ಇಂದು ಬೆಲೆ ಕಡಿಮೆ ಕಟ್ಟುತ್ತಾರೆ. 1.3 ಮಿ.ಮೀ. ಮರ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ.

2019ರಲ್ಲಿ ಗಿಬ್ಸನ್ ಟ್ಯೂನರ್ ವಿವಾದಕ್ಕೆ ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು. ‘ಲೆಸ್ ಪಾಲ್ ಸ್ಟ್ಯಾಂಡರ್ಡ್ 50ಸ್’ನಲ್ಲಿ ಕ್ಲೂಸನ್ ಶೈಲಿಯ ಟ್ಯೂನರ್, ‘60ಸ್’ನಲ್ಲಿ ಗ್ರೋವರ್. ಮಾರುಕಟ್ಟೆಗೆ ಬಂದಾಗ ಎರಡಕ್ಕೂ ಬೆಲೆ ಒಂದೇ, 2,499 ಡಾಲರ್. ಲಾಕಿಂಗ್ ಬೇಕೆನ್ನುವವರಿಗೆ ‘ಲೆಸ್ ಪಾಲ್ ಮಾಡರ್ನ್’. ಅದಕ್ಕೆ ನಾಲ್ಕು ವರ್ಷ ಮೊದಲು ಎಲ್ಲರಿಗೂ ಒಂದನ್ನೇ ಹೊರಿಸಿದ್ದ ಕಂಪನಿ ಆಗ ಆಯ್ಕೆಯನ್ನು ಕೊಳ್ಳುವವರ ಕೈಗೆ ಬಿಟ್ಟಿತು.

ನಮ್ಮಲ್ಲಿ ಈ ಲೆಕ್ಕ ಇನ್ನಷ್ಟು ಮುಖ್ಯ, ಏಕೆಂದರೆ ಬಹುತೇಕ ಬಿಡಿಭಾಗಗಳು ಹೊರದೇಶದಿಂದಲೇ ಬರಬೇಕು. ಕೈಯಿಂದ ಮಾಡಿದ ದೇಶೀಯ ವಾದ್ಯಗಳಿಗೆ ಜಿ.ಎಸ್.ಟಿ. ವಿನಾಯಿತಿ ಸಿಕ್ಕಿತು; ಉಳಿದ ವಾದ್ಯಗಳು ಮತ್ತು ಬಿಡಿಭಾಗಗಳ ಮೇಲಿನ ತೆರಿಗೆ 2017ರ ನವೆಂಬರಿನಲ್ಲಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಡಾಲರಿಗೆ 85 ರೂಪಾಯಿ ಹಿಡಿದರೂ 100 ಡಾಲರಿನ ಲಾಕಿಂಗ್ ಸೆಟ್ 8,500 ರೂಪಾಯಿ. ಸಾಗಣೆ, ಸುಂಕ ಬೇರೆ. 15 ಡಾಲರಿನ ನಟ್ 1,275 ರೂಪಾಯಿ. 7 ಡಾಲರಿನ ತಂತಿ ಸೆಟ್ 595 ರೂಪಾಯಿ. ಇಪ್ಪತ್ತು ಸಾವಿರ ರೂಪಾಯಿಯ ಗಿಟಾರಿಗೆ ಎಂಟೂವರೆ ಸಾವಿರದ ಟ್ಯೂನರ್ ಹಾಕಿಸಲು ಹೊರಟ ಹುಡುಗ ಹುಡುಗಿಯರು ಬೆಂಗಳೂರಿನಲ್ಲಿ ಕಡಿಮೆಯಿಲ್ಲ.

ಅವರಿಗೆ ನನ್ನ ಮಾತು ಇಷ್ಟೇ. ಮೊದಲು ಹೊಸ ತಂತಿ ಕಟ್ಟಿ, ಎಳೆದು ಪಳಗಿಸಿ. ಆಮೇಲೆ ತಿಳಿದವರ ಕೈಯಲ್ಲಿ ನಟ್ ಸರಿಮಾಡಿಸಿ. ಈ ಎರಡಕ್ಕೆ ಸಾಮಾನು ಎರಡು ಸಾವಿರ ರೂಪಾಯಿಯೊಳಗೆ ಸಿಗುತ್ತದೆ, ಮೇಲೆ ಕೆಲಸದವರ ಕೂಲಿ. ಒಂದು ತಿಂಗಳು ನುಡಿಸಿದ ಮೇಲೂ ಶ್ರುತಿ ನಿಲ್ಲದಿದ್ದರೆ ಮಾತ್ರ ಟ್ಯೂನರ್ ಬದಲಿಸಿ, ಅದೂ ಈಗಿರುವ ತೂತಿಗೇ ಕೂರುವಂಥದ್ದನ್ನು ಅಳತೆ ನೋಡಿ ತರಿಸಿ.